ಕಡಲು ಕಾಯೋಕೆ ದುಡ್ಡು ಯಾರು ಕೊಡಬೇಕು? ಪದೇ ಪದೇ ಕೇಳುವ ಪ್ರಶ್ನೆಗಳು

ಕಡಲ ಪರಿಸರದ ಬಗ್ಗೆ ಎಲ್ಲೇ ಮಾತು ಶುರುವಾದರೂ ಕೊನೆಗೆ ಬಂದು ನಿಲ್ಲುವುದು ದುಡ್ಡಿನ ಹತ್ತಿರ. ಬಂದರಿನ ಕಟ್ಟೆಯ ಮೇಲೆ ಕೂತಾಗ ಕೇಳಿದ್ದು, ಪತ್ರದಲ್ಲಿ ಬಂದಿದ್ದು, ಲೇಖನಗಳ ಕೆಳಗೆ ಓದುಗರು ಬರೆದಿದ್ದು, ಹೀಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಪ್ರಶ್ನೆಯನ್ನಷ್ಟೇ ಓದಿದರೂ ಅರ್ಥವಾಗುತ್ತದೆ.

## ಮೊದಲ ಮಾತು

ಸಮುದ್ರ ತನ್ನಷ್ಟಕ್ಕೆ ತಾನಿರತ್ತೆ. ಅದನ್ನ ಕಾಯೋಕೆ ದುಡ್ಡು ಯಾಕೆ ಬೇಕು?

ನಾವು ಕೈ ಹಾಕದಿದ್ದರೆ ಖಂಡಿತ ಬೇಡ. ಆದರೆ ಕೈ ಹಾಕಿ ಆಗಿದೆಯಲ್ಲ. ಮೀನು ಮರಿ ಹಾಕುವ ಜಾಗದಲ್ಲಿ ಬಲೆ ಎಳೆಯಬೇಡಿ ಎಂದು ಕಾಗದದಲ್ಲಿ ಬರೆಯಲು ಖರ್ಚಿಲ್ಲ. ಅದನ್ನು ನೋಡಿಕೊಳ್ಳಲು ಗಸ್ತಿನ ಬೋಟು ಬೇಕು, ಬೋಟಿಗೆ ಡೀಸೆಲ್ ಬೇಕು, ರಾತ್ರಿ ಅದರಲ್ಲಿ ಕೂರುವ ಜನ ಬೇಕು, ಅವರಿಗೆ ಸಂಬಳ ಬೇಕು. ದಡಕ್ಕೆ ಬಿದ್ದ ಪ್ಲಾಸ್ಟಿಕ್ ಹೆಕ್ಕಬೇಕು. ಉಪ್ಪುನೀರಿನ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ಹಾಳಾದಲ್ಲಿ ಮತ್ತೆ ಎಬ್ಬಿಸಬೇಕು. ನಗರದ ಕೊಳಚೆ ನೀರು ಶುದ್ಧವಾಗಿ ಕಡಲು ಸೇರಬೇಕು. ಇದರಲ್ಲಿ ಯಾವುದೂ ಪುಕ್ಕಟೆ ಆಗುವುದಿಲ್ಲ.

ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ 14ನೆಯದು ಸಮುದ್ರದ್ದು. ಅದನ್ನು ಮುಟ್ಟಲು ಇಡೀ ಜಗತ್ತಿಗೆ ವರ್ಷಕ್ಕೆ ಸುಮಾರು 17,500 ಕೋಟಿ ಡಾಲರ್ ಬೇಕು ಎಂಬ ಅಂದಾಜಿದೆ. ಈಗ ಸಿಗುತ್ತಿರುವುದು ಅದರಲ್ಲಿ ತೀರಾ ಸಣ್ಣ ಪಾಲು. ಇನ್ನೊಂದು ಕಡೆ, ಮೀನಿನ ಸಂತತಿಯನ್ನೇ ಬರಿದು ಮಾಡುವಂಥ ಸಬ್ಸಿಡಿಗೆ ಸರ್ಕಾರಗಳು ವರ್ಷಕ್ಕೆ ಸುಮಾರು 2,200 ಕೋಟಿ ಡಾಲರ್ ಸುರಿಯುತ್ತಿವೆ ಎಂದು 2018ರ ಲೆಕ್ಕ ಹೇಳುತ್ತದೆ. ಅಂದರೆ ಹೊಸ ದುಡ್ಡು ಹುಡುಕುವುದರ ಜೊತೆಗೆ, ಹಾಳು ಮಾಡಲು ಕೊಡುವ ದುಡ್ಡನ್ನು ನಿಲ್ಲಿಸುವುದೂ ಅಷ್ಟೇ ಮುಖ್ಯ. ವಿಶ್ವ ವ್ಯಾಪಾರ ಸಂಸ್ಥೆ 2022ರಲ್ಲಿ ಇದಕ್ಕೆಂದೇ ಒಂದು ಒಪ್ಪಂದ ಮಾಡಿತು. ಅದು 2025ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂತು.

ಪರಿಹಾರ ಅಂದ್ರೆ ಮೀನುಗಾರರಿಗೆ ಕೊಡೋ ಹಣ ತಾನೇ?

ಅದೂ ಹೌದು. ಆದರೆ ಮೂರು ಬೇರೆ ಬೇರೆ ಸಂಗತಿಗಳನ್ನು ನಾವು ಒಂದೇ ಹೆಸರಿನಲ್ಲಿ ಕರೆಯುತ್ತೇವೆ. ಜಗಳ ಶುರುವಾಗುವುದೇ ಅಲ್ಲಿ.

ಎಣ್ಣೆ ಸೋರಿ ಹದಿನೈದು ದಿನ ದೋಣಿ ಇಳಿಸಲಾಗಲಿಲ್ಲ ಎಂದುಕೊಳ್ಳಿ. ಆ ದಿನಗಳ ದುಡಿಮೆಗೆ ಕೊಡುವುದು ಮನುಷ್ಯರಿಗೆ ಸಿಗುವ ಪರಿಹಾರ. ಅದೇ ಎಣ್ಣೆಯಿಂದ ಹವಳ ಸತ್ತಿತು, ಮೀನಿನ ಮೊಟ್ಟೆ ಹಾಳಾಯಿತು. ಅದನ್ನು ಸರಿಮಾಡಲು ಕೊಡುವುದು ಕಡಲಿಗೇ ಸಲ್ಲಬೇಕಾದ ಪರಿಹಾರ. ಕಡಲಿಗೆ ವಕೀಲರಿಲ್ಲ. ಅದರ ಪರವಾಗಿ ಸರ್ಕಾರ ಅಥವಾ ಯಾರಾದರೂ ಕೇಳಬೇಕು. ಮೂರನೆಯದು, ಪರಿಸರದ ಒಳ್ಳೆಯದಕ್ಕಾಗಿ ತನ್ನ ಆದಾಯ ಬಿಟ್ಟುಕೊಟ್ಟವನಿಗೆ ಕೊಡುವುದು. ಅವನು ಏನನ್ನೂ ಹಾಳು ಮಾಡಿಲ್ಲ, ಅವನದ್ದನ್ನು ಯಾರೂ ಹಾಳು ಮಾಡಿಲ್ಲ. ನಾಲ್ಕು ಜನರ ಪರವಾಗಿ ಅವನೊಬ್ಬ ನಷ್ಟ ಹೊತ್ತಿದ್ದಾನೆ, ಅಷ್ಟೇ. ನಮ್ಮಲ್ಲಿ ಜಾಸ್ತಿ ಮರೆತುಹೋಗುವುದು ಈ ಮೂರನೆಯದೇ.

ಬಲೆ ಕತ್ತರಿಸಿ ಮೀನು ಬಿಟ್ಟರೆ ದುಡ್ಡು ಕೊಡ್ತಾರೆ ಅಂತ ಕೇಳಿದ್ದೆ. ನಿಜಾನಾ?

ನಿಜ. ಮೇಲೆ ಹೇಳಿದ ಮೂರನೆಯ ಬಗೆಗೆ ನಮ್ಮ ದೇಶದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. ಹಾಗಾಗಿ ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಗುಜರಾತಿನ ಸೌರಾಷ್ಟ್ರ ಕರಾವಳಿಗೆ ತಿಮಿಂಗಿಲ ಶಾರ್ಕ್ ಬರುತ್ತದೆ. ನಮ್ಮ ಕರಾವಳಿಯವರು ತಾಟೆ ಎನ್ನುವ ಜಾತಿಯ ಮೀನೇ, ಆದರೆ ಬಸ್ಸಿನಷ್ಟು ದೊಡ್ಡದು. ಹಲ್ಲು ಬಿಟ್ಟು ಮೈಮೇಲೆ ಬರುವ ಮೀನಲ್ಲ, ಬಾಯಿ ತೆರೆದು ನೀರು ಸೋಸಿ ಸಣ್ಣ ಜೀವಿಗಳನ್ನು ತಿಂದುಕೊಂಡಿರುವ ಸಾಧು. ಒಂದು ಕಾಲದಲ್ಲಿ ಅದರ ಪಿತ್ತಜನಕಾಂಗದ ಎಣ್ಣೆಯನ್ನು ಮರದ ದೋಣಿಗೆ ನೀರು ಇಳಿಯದಂತೆ ಬಳಿಯುತ್ತಿದ್ದರು, ಮಾಂಸ ಹೊರದೇಶಕ್ಕೆ ಹೋಗುತ್ತಿತ್ತು. ವರ್ಷಕ್ಕೆ ನೂರಾರು ಮೀನು ಸಾಯುತ್ತಿದ್ದವು. 2001ರಲ್ಲಿ ಅದನ್ನು ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಗೆ ಸೇರಿಸಿದರು. ಹುಲಿಗೆ ಇರುವಷ್ಟೇ ರಕ್ಷಣೆ ಒಂದು ಮೀನಿಗೆ ಸಿಕ್ಕಿದ್ದು ಅದೇ ಮೊದಲು.

ಕಾನೂನೇನೋ ಬಂತು. ಬಲೆಗೆ ಬಿದ್ದ ಮೀನನ್ನು ಬಿಡುವುದು ಹೇಗೆ? ಬಲೆ ಕೊಯ್ಯಬೇಕು. ಬಲೆ ಎಂದರೆ ಸಾಲ ಮಾಡಿ ತಂದದ್ದು. 2004ರಲ್ಲಿ ವೈಲ್ಡ್‌ಲೈಫ್ ಟ್ರಸ್ಟ್ ಆಫ್ ಇಂಡಿಯಾ ಎಂಬ ಸಂಸ್ಥೆ, ಗುಜರಾತ್ ಅರಣ್ಯ ಇಲಾಖೆ ಮತ್ತು ಟಾಟಾ ಕೆಮಿಕಲ್ಸ್ ಕಂಪನಿ ಸೇರಿ ಒಂದು ಅಭಿಯಾನ ಶುರು ಮಾಡಿದವು. ರಾಮಕಥೆ ಹೇಳುವ ಮೊರಾರಿ ಬಾಪು ಅವರು ಜನರಿಗೆ ಒಂದು ಮಾತು ಹೇಳಿದರು: ಈ ಮೀನು ಹೆರಿಗೆಗೆ ತವರುಮನೆಗೆ ಬಂದ ಮಗಳಿದ್ದ ಹಾಗೆ. ಮೀನಿಗೆ 'ವ್ಹಾಲಿ' ಎಂದು ಹೆಸರಾಯಿತು, ಅಂದರೆ ಪ್ರೀತಿಯವಳು. ತವರಿಗೆ ಬಂದ ಮಗಳ ಮೇಲೆ ಕೈ ಮಾಡುವವರುಂಟೇ? ಆ ಮಾತು ಮನಸ್ಸಿಗೆ ತಾಗಿತು. ಕತ್ತರಿಸಿದ ಬಲೆಗೆ ಸರ್ಕಾರದಿಂದ ಪರಿಹಾರವೂ ಸಿಕ್ಕಿತು. ಎರಡರಲ್ಲಿ ಒಂದೇ ಇದ್ದಿದ್ದರೆ ಕೆಲಸ ಆಗುತ್ತಿರಲಿಲ್ಲ ಎಂದು ನನಗೆ ಅನಿಸುತ್ತದೆ.

ಇದರಲ್ಲಿ ಒಂದು ಸಣ್ಣ ತೊಡಕಿತ್ತು. ಪರಿಹಾರ ಬೇಕೆಂದರೆ ಅಧಿಕಾರಿ ಬಂದು ಕಣ್ಣಾರೆ ನೋಡಬೇಕು. ಅವರು ಕಡಲಿಗೆ ಬರುವ ತನಕ ಗಂಟೆಗಟ್ಟಲೆ ಮೀನು ಬಲೆಯಲ್ಲೇ ಒದ್ದಾಡುತ್ತಿತ್ತು. ಆಮೇಲೆ ಮೀನುಗಾರರ ಕೈಗೇ ನೀರು ತಾಗಿದರೂ ಹಾಳಾಗದ ಕ್ಯಾಮೆರಾ ಕೊಟ್ಟರು. ನೀವೇ ಫೋಟೋ ತೆಗೆಯಿರಿ, ನೀವೇ ಕೊಯ್ದು ಬಿಡಿ, ಫೋಟೋ ತಂದು ತೋರಿಸಿ, ಸಾಕು. ಮೀನುಗಾರನ ಮಾತನ್ನು ನಂಬಿದ್ದರಿಂದ ಬಲೆಯಲ್ಲಿ ಸಿಕ್ಕ ಮೀನು ಬೇಗ ಬಿಡುಗಡೆಯಾಗತೊಡಗಿತು. ಈವರೆಗೆ 900ಕ್ಕೂ ಹೆಚ್ಚು ತಿಮಿಂಗಿಲ ಶಾರ್ಕ್‌ಗಳು ಹೀಗೆ ಕಡಲಿಗೆ ಮರಳಿವೆ.

ಮಹಾರಾಷ್ಟ್ರ 2018ರ ಕೊನೆಯಲ್ಲಿ ಇಂಥದ್ದೇ ಯೋಜನೆ ತಂದಿತು. ಆಮೆ, ಡಾಲ್ಫಿನ್, ತಿಮಿಂಗಿಲ ಶಾರ್ಕ್‌ನಂಥ ರಕ್ಷಿತ ಜೀವಿಯನ್ನು ಬಲೆ ಕೊಯ್ದು ಬಿಟ್ಟರೆ 25,000 ರೂಪಾಯಿ ತನಕ ಕೊಡುತ್ತಾರೆ. ಅಲ್ಲೂ ಫೋಟೋ ಅಥವಾ ವಿಡಿಯೋ ಸಾಕ್ಷಿ. ಇದು ಬಲೆಯ ಲೆಕ್ಕ ಮಾತ್ರ. ಬಲೆ ಹರಿದ ಮೇಲೆ ಆ ದಿನದ ಮೀನೂ ಇಲ್ಲ, ಡೀಸೆಲ್ ಖರ್ಚೂ ಮೈಮೇಲೆ. ಅದನ್ನೂ ಸೇರಿಸಿ ಕೊಟ್ಟರೆ ನ್ಯಾಯ ಎಂಬುದು ನನ್ನ ಅಭಿಪ್ರಾಯ.

ಕಂಪನಿಯವರು ಸಮುದ್ರಕ್ಕೆ ದುಡ್ಡು ಹಾಕಿದ್ರೆ ಅವರಿಗೇನು ಸಿಗತ್ತೆ?

ಯಾವ ರೂಪದಲ್ಲಿ ಹಾಕುತ್ತಾರೆ ಎಂಬುದರ ಮೇಲೆ ಹೋಗುತ್ತದೆ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣವಾದರೆ ಅದು ದಾನದ ಹಾಗೆ, ವಾಪಸ್ ಬರುವುದಿಲ್ಲ, ಹೆಸರು ಬರುತ್ತದೆ. ಬಾಂಡ್ (ಸಾಲಪತ್ರ) ಕೊಂಡರೆ ಬಡ್ಡಿ ಬರುತ್ತದೆ, ಅವಧಿ ಮುಗಿದಾಗ ಅಸಲು ಬರುತ್ತದೆ. ಕಾರ್ಬನ್ ಕ್ರೆಡಿಟ್, ಅಂದರೆ ಕಾಡು ಮುಂತಾದವು ಹಿಡಿದಿಟ್ಟ ಇಂಗಾಲದ ಲೆಕ್ಕ ಕೊಂಡರೆ ತಮ್ಮ ಹೊಗೆಯ ಲೆಕ್ಕಕ್ಕೆ ಎದುರು ತೋರಿಸಲು ಒಂದು ಚೀಟಿ ಸಿಗುತ್ತದೆ. ದಡದ ಹೋಟೆಲಿನವರಿಗೆ ಲಾಭ ನೇರವಾಗಿಯೇ ಇದೆ: ಮುಂದಿರುವ ಹವಳದ ದಿಬ್ಬ ಹೋದರೆ ಅಲೆ ಬಂದು ಅವರ ಗೋಡೆಗೇ ಬಡಿಯುತ್ತದೆ.

ಹೂಡಿಕೆ ಎಂಬ ಪದ ಕೇಳಿದ ಕೂಡಲೇ ಒಂದು ಪ್ರಶ್ನೆ ಕೇಳಿಕೊಳ್ಳಿ. ಈ ದುಡ್ಡು ವಾಪಸ್ ಹೋಗಬೇಕಾದದ್ದೇ? ಹೌದಾದರೆ ಅದನ್ನು ದುಡಿದು ತೀರಿಸುವವರು ಯಾರು?

## ಹಾಳು ಮಾಡಿದವರಿಂದ ವಸೂಲಿ

ಹಡಗು ಮುಳುಗಿ ಕಡಲು ಹಾಳಾದ್ರೆ ಯಾರು ಕಟ್ಟಬೇಕು?

ಹಡಗಿನ ಮಾಲೀಕರು, ಅವರ ವಿಮಾ ಸಂಸ್ಥೆ. 'ಕೆಡಿಸಿದವನೇ ಕಟ್ಟಬೇಕು' ಎಂಬುದನ್ನು ನಮ್ಮ ಸುಪ್ರೀಂ ಕೋರ್ಟ್ 1996ರಲ್ಲೇ ದೇಶದ ಕಾನೂನಿನ ಭಾಗ ಎಂದು ಹೇಳಿದೆ. 2010ರ ಹಸಿರು ನ್ಯಾಯಮಂಡಳಿ ಕಾಯ್ದೆಯಲ್ಲೂ ಅದು ಬರಹದಲ್ಲಿದೆ. ಆದರೆ ಹಡಗು ಒಂದು ದೇಶದವರದ್ದು, ಬಾವುಟ ಇನ್ನೊಂದು ದೇಶದ್ದು, ವಿಮೆ ಮತ್ತೊಂದು ದೇಶದಲ್ಲಿ. ಹಿಡಿಯುವುದು ಯಾರನ್ನು?

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಕಂಟೇನರ್ ಹಡಗು ಕೇರಳದ ಆಲಪ್ಪುಳ ಜಿಲ್ಲೆಯ ದಡದಿಂದ ಆಚೆ ಮುಳುಗಿತು. ಸಿಬ್ಬಂದಿ 24 ಜನರೂ ಬದುಕಿ ಬಂದರು. 640ಕ್ಕೂ ಹೆಚ್ಚು ಕಂಟೇನರ್‌ಗಳಿದ್ದವು, ಕೆಲವದರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್, ಟ್ಯಾಂಕಿನಲ್ಲಿ ಫರ್ನೇಸ್ ಆಯಿಲ್ ಮತ್ತು ಡೀಸೆಲ್. ಜನರಿಗೆ ಕಣ್ಣಿಗೆ ಕಂಡಿದ್ದು ಮಾತ್ರ ಬೇರೆಯೇ: ಪ್ಲಾಸ್ಟಿಕ್ ಕಾಳು. ಬಕೆಟು, ಚೀಲ ಮಾಡಲು ಬಳಸುವ ಕಚ್ಚಾ ಪ್ಲಾಸ್ಟಿಕ್. ನೋಡಲು ಥೇಟ್ ಸಬ್ಬಕ್ಕಿ. ಕೊಲ್ಲಂ, ತಿರುವನಂತಪುರದ ಮರಳಿನ ಮೇಲೆ ಬಿಳಿಯಾಗಿ ಹರಡಿಕೊಂಡಿತು. ಸ್ವಯಂಸೇವಕರು ಮರಳು ಜರಡಿ ಹಿಡಿದು ಹೆಕ್ಕಿದರು. ಒಂದು ಅಲೆ ಬಂದರೆ ಮತ್ತೆ ಅಷ್ಟೇ ಕಾಳು. ಮೀನು ಅದನ್ನು ಮೊಟ್ಟೆ ಎಂದುಕೊಂಡು ನುಂಗುತ್ತದೆ.

ಕೇರಳ ಸರ್ಕಾರ ಹೈಕೋರ್ಟಿನಲ್ಲಿ 9,531 ಕೋಟಿ ರೂಪಾಯಿ ಕೇಳಿತು. ಅದರಲ್ಲಿ ಮೀನುಗಾರರ ನಷ್ಟಕ್ಕೆಂದು ಕೇಳಿದ್ದು ಸುಮಾರು 526 ಕೋಟಿ, ದೊಡ್ಡ ಪಾಲು ಕಡಲಿಗೆ ಆದ ಹಾನಿಯದ್ದು. ಮುಳುಗಿದ ಹಡಗನ್ನು ಜಪ್ತಿ ಮಾಡಲಾಗುವುದಿಲ್ಲವಲ್ಲ. ಕೋರ್ಟು ಅದೇ ಗುಂಪಿನ ಇನ್ನೊಂದು ಹಡಗನ್ನು ವಿಳಿಂಜಂ ಬಂದರಿನಲ್ಲಿ ತಡೆದು ನಿಲ್ಲಿಸಿತು. ಕಡಲ ಕಾನೂನಿನಲ್ಲಿ ಇದನ್ನು ಹಡಗಿನ 'ಅರೆಸ್ಟ್' ಎನ್ನುತ್ತಾರೆ. ಆಮೇಲೆ ಭದ್ರತೆಯಾಗಿ 1,227 ಕೋಟಿಗೂ ಹೆಚ್ಚು ಇಡುವಂತೆ ಹೇಳಿತು. ಹಡಗು ಬಂದರು ಬಿಟ್ಟು ಹೋದ ಮೇಲೆ ಹಣ ಕೇಳುವುದು ಎಷ್ಟು ಕಷ್ಟ ಎಂದು ಗೊತ್ತಿದ್ದವರಿಗೆ ಇದರ ಬೆಲೆ ಗೊತ್ತು. ಅಷ್ಟರೊಳಗೆ ಮೀನುಗಾರ ಕುಟುಂಬಗಳ ಕೈಗೆ ಬಂದ ತುರ್ತು ನೆರವು 1,000 ರೂಪಾಯಿ ಮತ್ತು 6 ಕೆಜಿ ಅಕ್ಕಿ. ದೊಡ್ಡ ಮೊತ್ತಕ್ಕೆ ವರ್ಷಗಳು ಬೇಕು, ಒಲೆ ಮಾತ್ರ ಇವತ್ತೇ ಹತ್ತಬೇಕು. ನಡುವಿನ ಈ ಅಂತರ ತುಂಬಲು ಒಂದು ನಿಧಿ ಮೊದಲೇ ಸಿದ್ಧ ಇರಬೇಕು.

ಎಣ್ಣೆ ಸಾಗಿಸುವ ಟ್ಯಾಂಕರ್‌ನಿಂದ ಸೋರಿದ್ದಾದರೆ ಅಂಥ ಅಂತರರಾಷ್ಟ್ರೀಯ ನಿಧಿಯೊಂದು ಇದೆ, 1992ರ ಒಪ್ಪಂದದ್ದು. ಭಾರತವೂ ಅದರ ಸದಸ್ಯ. ಕಂಟೇನರ್ ಹಡಗಿಗೆ ಅದು ಅನ್ವಯಿಸುವುದಿಲ್ಲ.

ನೂರಾರು ಕೋಟಿ ದಂಡ ಅಂತ ಪೇಪರಲ್ಲಿ ಬರತ್ತೆ. ಆ ದುಡ್ಡು ಕಡಲಿಗೆ ತಲುಪತ್ತಾ?

ಕಾನೂನು ಹಾಗೆ ಕಟ್ಟಿಹಾಕಿದ್ದರೆ ಮಾತ್ರ. ದಂಡ ಸಾಮಾನ್ಯವಾಗಿ ಸರ್ಕಾರದ ಖಜಾನೆಗೆ ಹೋಗುತ್ತದೆ. ಖಜಾನೆಗೆ ಬಿದ್ದ ಮೇಲೆ ಅದು ಕಡಲಿನ ದುಡ್ಡೋ, ರಸ್ತೆಯ ದುಡ್ಡೋ, ಯಾರು ಗುರುತು ಹಿಡಿಯುತ್ತಾರೆ?

ಅಮೆರಿಕದವರು ಇಲ್ಲೊಂದು ಒಳ್ಳೆಯ ಕೆಲಸ ಮಾಡಿದರು. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲಬಾವಿ ಕೊರೆಯುವ ವೇದಿಕೆ ಸ್ಫೋಟಗೊಂಡು 11 ಕಾರ್ಮಿಕರು ಸತ್ತರು. 87 ದಿನ ಎಣ್ಣೆ ಉಕ್ಕಿತು. 2012ರಲ್ಲಿ ಅಲ್ಲಿನ ಸಂಸತ್ತು ಒಂದು ಕಾನೂನು ಮಾಡಿ, ಜಲಮಾಲಿನ್ಯ ಕಾಯ್ದೆಯಡಿ ಬರುವ ದಂಡದ 80 ಶೇಕಡಾ ಅದೇ ಕೊಲ್ಲಿಯ ದಡಕ್ಕೇ ಹೋಗಬೇಕು ಎಂದಿತು. 2016ರಲ್ಲಿ ಆ ಬಾವಿ ನಡೆಸುತ್ತಿದ್ದ ಬಿಪಿ ಕಂಪನಿಯೊಂದಿಗೆ ಆದ ಒಪ್ಪಂದದ ಮೊತ್ತ 2,080 ಕೋಟಿ ಡಾಲರ್. ಅದರಲ್ಲಿ 880 ಕೋಟಿ ಡಾಲರ್ ತನಕ ಪ್ರಕೃತಿಯನ್ನು ಸರಿಪಡಿಸಲಿಕ್ಕೇ ಮೀಸಲು.

ಚೀನಾದ ಬೋಹಾಯ್ ಸಮುದ್ರದ ಕಥೆ ಇನ್ನೊಂದು ಮುಖ ತೋರಿಸುತ್ತದೆ. 2011ರಲ್ಲಿ ಅಲ್ಲಿನ ಪೆಂಗ್ಲಾಯ್ ತೈಲಕ್ಷೇತ್ರದಲ್ಲಿ ಸೋರಿಕೆಯಾಯಿತು. ಮರುವರ್ಷವೇ ಕಂಪನಿಗಳು ಸರ್ಕಾರದ ಜೊತೆ ಮಾತುಕತೆ ಮುಗಿಸಿ, ಮೀನುಗಾರಿಕೆಗೆ 100 ಕೋಟಿ ಯುವಾನ್, ಕಡಲ ಪರಿಸರಕ್ಕೆ 168 ಕೋಟಿ ಯುವಾನ್ ಒಪ್ಪಿಕೊಂಡವು. ಬೇಗ ಆಯಿತು, ದೊಡ್ಡದಾಗಿಯೂ ಆಯಿತು. ಆದರೆ ಕೋರ್ಟು ಹತ್ತಿದ 21 ಜನ ಮೀನು ಸಾಕಣೆದಾರರಿಗೆ ತೀರ್ಪು ಬಂದಿದ್ದು 2015ರಲ್ಲಿ. ಎಲ್ಲರಿಗೂ ಸೇರಿ 16.8 ಲಕ್ಷ ಯುವಾನ್. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ. ಮೇಲೆ ಒಪ್ಪಂದವಾದಾಗ, ಕೆಳಗೆ ಯಾರ ಹೆಸರು ಪಟ್ಟಿಯಲ್ಲಿದೆ, ಯಾರದ್ದು ಬಿಟ್ಟುಹೋಗಿದೆ ಎಂದು ಅದೇ ದಿನ ನೋಡಬೇಕು.

ಕಾಂಡ್ಲಾ ಕಡಿದ್ರೆ ಬೇರೆ ಕಡೆ ಮೂರು ಪಟ್ಟು ನೆಡ್ತಾರಂತೆ. ಹಾಗಿದ್ರೆ ಲಾಭಾನೇ ಅಲ್ವಾ?

ಕಾಗದದ ಮೇಲೆ ಹೌದು. 2019ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹಾಗೆಯೇ ಹೇಳುತ್ತದೆ: ಕಾಮಗಾರಿಗೆ ಎಷ್ಟು ಕಾಂಡ್ಲಾ ಜಾಗ ಹೋಯಿತೋ, ಕಡಿಮೆಯೆಂದರೆ ಅದರ ಮೂರು ಪಟ್ಟು ಬೇರೆ ಕಡೆ ನೆಡಬೇಕು. ಅರಣ್ಯ ಜಮೀನಾದರೆ ಕ್ಯಾಂಪಾ ನಿಧಿಗೂ, ಅಂದರೆ ಹೋದ ಕಾಡಿನ ಬದಲು ಕಾಡು ಬೆಳೆಸಲು ಇರುವ ನಿಧಿಗೂ ಹಣ ಕಟ್ಟಬೇಕು. 2019ರಲ್ಲಿ ಕೇಂದ್ರ ಸರ್ಕಾರ ಆ ನಿಧಿಯಿಂದ ರಾಜ್ಯಗಳಿಗೆ 47,000 ಕೋಟಿ ರೂಪಾಯಿಗೂ ಹೆಚ್ಚು ವರ್ಗಾಯಿಸಿತು. ಹಾಗಾಗಿ ಇಲ್ಲಿ ದುಡ್ಡಿಗೆ ಬರವಿಲ್ಲ.

ಬರ ಇರುವುದು ಜಾಗಕ್ಕೆ. ಕಾಂಡ್ಲಾ ಎಲ್ಲೆಂದರಲ್ಲಿ ಬರುವ ಗಿಡವಲ್ಲ. ನದಿ ಕಡಲು ಸೇರುವ ಅಳಿವೆಯಲ್ಲಿ ಉಬ್ಬರದ ನೀರು ಎಷ್ಟು ಹೊತ್ತು ನಿಲ್ಲುತ್ತದೆ, ಸಿಹಿನೀರು ಎಷ್ಟು ಬರುತ್ತದೆ, ಕೆಸರು ಎಷ್ಟು ಆಳ ಇದೆ, ಇದರ ಮೇಲೆ ಯಾವ ಜಾತಿಯ ಗಿಡ ಎಂದು ತೀರ್ಮಾನವಾಗುತ್ತದೆ. ನುಗ್ಗೆಕಾಯಿಯಂಥ ಉದ್ದನೆಯ ಮೊಳಕೆಯನ್ನು ಕೆಸರಿಗೆ ಚುಚ್ಚುವುದು ಸುಲಭ. ಒಂದು ದಿನದಲ್ಲಿ ಸಾವಿರ ಚುಚ್ಚಬಹುದು. ಖಾಲಿ ಕಂಡಲ್ಲಿ ಚುಚ್ಚಿದರೆ ಬದುಕುವುದಿಲ್ಲ. ಅಲ್ಲದೆ 'ಖಾಲಿ' ಎಂದು ಕಾಣುವ ಆ ಕೆಸರು ಬಯಲು ಖಾಲಿ ಇರುವುದೇ ಇಲ್ಲ. ನಮ್ಮ ಉತ್ತರ ಕನ್ನಡದ ಅಘನಾಶಿನಿ ಅಳಿವೆಯಲ್ಲಿ ಇಳಿತದ ಹೊತ್ತಿಗೆ ಬಂದು ನೋಡಿ. ಸೊಂಟ ಬಗ್ಗಿಸಿ, ಕೈಬೆರಳಿನಲ್ಲೇ ಕೆಸರು ತಡವಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವವರು ಕಾಣುತ್ತಾರೆ. ಎಷ್ಟೋ ಮನೆಗಳಿಗೆ ದಿನದ ಸಂಪಾದನೆ ಅದೇ. ಒಂದು ಕಡೆ ನಾನೇ ಕಂಡಿದ್ದೇನೆ, ಬಳಚು ಹೆಕ್ಕುವ ಬಯಲಲ್ಲೇ ಸಾಲು ಸಾಲಾಗಿ ಗಿಡ ನೆಟ್ಟಿದ್ದರು. ಒಂದು ಮಳೆಗಾಲ ಕಳೆಯಿತು. ಉಳಿದಿದ್ದು ಆಧಾರಕ್ಕೆ ಹುಗಿದ ಕೋಲು ಮಾತ್ರ. ಗಿಡವೂ ಬರಲಿಲ್ಲ, ಹೆಕ್ಕುವವರ ಕಾಲಿಗೆ ಕೋಲು ಚುಚ್ಚಿದ್ದೇ ಬಂತು.

ಎಷ್ಟು ನೆಟ್ಟಿರಿ ಎಂದು ಕೇಳುವ ಬದಲು ಐದು ವರ್ಷದ ಮೇಲೆ ಎಷ್ಟು ನಿಂತಿವೆ ಎಂದು ಕೇಳಿ, ಹಣದ ಕೊನೆಯ ಕಂತನ್ನು ಆಗಲೇ ಕೊಡಬೇಕು. 2021ರ ಅರಣ್ಯ ಸಮೀಕ್ಷೆಯ ಪ್ರಕಾರ ಇಡೀ ಕರ್ನಾಟಕದಲ್ಲಿ ಕಾಂಡ್ಲಾ ಇರುವುದು 13 ಚದರ ಕಿಲೋಮೀಟರ್ ಮಾತ್ರ.

## ಸಾಲ, ಬಾಂಡ್, ವಿಮೆ

ಬ್ಲೂ ಬಾಂಡ್ ಅಂದ್ರೆ ಏನು? ಸುಮ್ನೆ ಹೆಸರು ಬದಲಾಯಿಸಿದ ಸಾಲ ಅಲ್ವಾ?

ಸಾಲವೇ. ಸಮುದ್ರಕ್ಕೇ ಖರ್ಚು ಮಾಡುತ್ತೇವೆ ಎಂಬ ಮಾತು ಕೊಟ್ಟು ಎತ್ತಿದ ಸಾಲ. ದೇಶವೊಂದು ಮೊದಲ ಬಾರಿಗೆ ಇಂಥದ್ದನ್ನು ತಂದಿದ್ದು 2018ರ ಅಕ್ಟೋಬರ್‌ನಲ್ಲಿ, ಹಿಂದೂ ಮಹಾಸಾಗರದ ಸೆಶೆಲ್ಸ್. ಜನಸಂಖ್ಯೆ ಸುಮಾರು ಒಂದು ಲಕ್ಷ, ನಮ್ಮ ಒಂದು ತಾಲ್ಲೂಕಿನಷ್ಟು. ಕಡಲು ಮಾತ್ರ 13 ಲಕ್ಷ ಚದರ ಕಿಲೋಮೀಟರ್‌ಗೂ ಜಾಸ್ತಿ.

ಮೂವರು ಅಮೆರಿಕನ್ ಹೂಡಿಕೆದಾರರು ಹತ್ತು ವರ್ಷಕ್ಕೆ 1.5 ಕೋಟಿ ಡಾಲರ್ ಕೊಟ್ಟರು. ಬಡ್ಡಿ 6.5 ಶೇಕಡಾ. ಪುಟ್ಟ ದೇಶಕ್ಕೆ ಇದು ಭಾರವೇ. ಹಾಗಾಗಿ ವಿಶ್ವಬ್ಯಾಂಕ್ 50 ಲಕ್ಷ ಡಾಲರಿಗೆ ಜಾಮೀನು ನಿಂತಿತು. ಜಾಗತಿಕ ಪರಿಸರ ನಿಧಿ ಕಡಿಮೆ ಬಡ್ಡಿಗೆ ಇನ್ನೊಂದು 50 ಲಕ್ಷ ಕೊಟ್ಟಿತು, ಬಡ್ಡಿಯ ಒಂದು ಭಾಗ ತುಂಬಲು. ಕೊನೆಗೆ ಸೆಶೆಲ್ಸ್‌ಗೆ ತಾಗಿದ್ದು ಸುಮಾರು 2.8 ಶೇಕಡಾ ಮಾತ್ರ. ಬಂದ ಹಣದಲ್ಲಿ 30 ಲಕ್ಷ ಡಾಲರ್ ಸಂರಕ್ಷಣೆಯ ಅನುದಾನಕ್ಕೆ, 1.2 ಕೋಟಿ ಡಾಲರ್ ಮೀನುಗಾರಿಕೆಯನ್ನು ಸುಧಾರಿಸುವ ಸಾಲಗಳಿಗೆ.

ಇದರಲ್ಲಿ ಗಮನಿಸಬೇಕಾದದ್ದು ಜಾಮೀನು. ಖಾಸಗಿಯವರು ಬಂದಿದ್ದು ಹಿಂದೆ ಸಾರ್ವಜನಿಕ ಹಣ ಬೆನ್ನು ಕೊಟ್ಟಿದ್ದರಿಂದ. ಭಾರತದಲ್ಲೂ 2023ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿ ತನ್ನ ಹಸಿರು ಸಾಲಪತ್ರಗಳ ನಿಯಮದೊಳಗೆ ಬ್ಲೂ ಬಾಂಡ್‌ಗೆ ಜಾಗ ಕೊಟ್ಟಿದೆ.

ಸಾಲ ಕಡಿಮೆ ಮಾಡಿ ಅದರ ಬದಲಿಗೆ ಸಮುದ್ರ ಉಳಿಸ್ತಾರಂತೆ. ಅದು ಹೇಗೆ?

ಒಬ್ಬರ ಮೇಲೆ ನೂರು ರೂಪಾಯಿ ಸಾಲ ಇದೆ, ತೀರಿಸುವುದು ಅನುಮಾನ ಎಂದು ಊರಿಗೆಲ್ಲ ಗೊತ್ತು. ಸಾಲ ಕೊಟ್ಟವನು ಐವತ್ತೈದು ಬಂದರೂ ಸಾಕು ಎನ್ನುತ್ತಾನೆ. ಮೂರನೆಯವರು ಬಂದು ಕಡಿಮೆ ಬಡ್ಡಿಯಲ್ಲಿ ಆ ಐವತ್ತೈದು ಕೊಟ್ಟು ಹಳೆಯ ಸಾಲ ಚುಕ್ತಾ ಮಾಡಿಸುತ್ತಾರೆ. ಉಳಿತಾಯದಲ್ಲಿ ಒಂದು ಪಾಲು ಕಡಲಿಗೆ ಎಂದು ಬರೆಸಿಕೊಳ್ಳುತ್ತಾರೆ. ಇಷ್ಟೇ ಸೂತ್ರ.

2021ರಲ್ಲಿ ಮಧ್ಯ ಅಮೆರಿಕದ ಪುಟ್ಟ ದೇಶ ಬೆಲೀಜ್ ತನ್ನ 55.3 ಕೋಟಿ ಡಾಲರ್ ಸಾಲವನ್ನು ಡಾಲರಿಗೆ 55 ಸೆಂಟ್‌ನಂತೆ ತೀರಿಸಿತು. ತನ್ನ ಕಡಲಿನ 30 ಶೇಕಡಾ ಭಾಗವನ್ನು ರಕ್ಷಿಸುತ್ತೇವೆ ಎಂದು ಮಾತು ಕೊಟ್ಟಿತು. 2023ರಲ್ಲಿ ಈಕ್ವೆಡಾರ್ ಸುಮಾರು 160 ಕೋಟಿ ಡಾಲರಿನ ಹಳೆ ಬಾಂಡ್‌ಗಳನ್ನು 65.6 ಕೋಟಿಯ ಹೊಸ ಸಾಲಕ್ಕೆ ಬದಲಾಯಿಸಿತು. ಅದರಿಂದ ಗಲಾಪಗೋಸ್ ದ್ವೀಪಗಳ ಕಡಲಿಗೆ ವರ್ಷವರ್ಷ ಹಣ ಹೋಗುತ್ತದೆ. ಇದಕ್ಕೆಲ್ಲ ದಾರಿ ಹಾಕಿದ್ದೂ ಸೆಶೆಲ್ಸೇ. 2016ರಲ್ಲಿ 2.16 ಕೋಟಿ ಡಾಲರ್ ಸಾಲದ ಮೇಲೆ ಶುರು ಮಾಡಿ, 2020ರ ಮಾರ್ಚ್ ಹೊತ್ತಿಗೆ 30 ಶೇಕಡಾ ಕಡಲಿಗೆ ರಕ್ಷಣೆ ಘೋಷಿಸಿತು.

ಟೀಕೆಯೂ ಇದೆ, ಅದರಲ್ಲಿ ಹುರುಳೂ ಇದೆ. ವಕೀಲರು, ಬ್ಯಾಂಕಿನವರು, ವಿಮೆಯವರು ತೆಗೆದುಕೊಳ್ಳುವ ಖರ್ಚು ದೊಡ್ಡದು. ಒಪ್ಪಂದದ ಎಲ್ಲ ಕಾಗದ ಜನರಿಗೆ ಸಿಗುವುದಿಲ್ಲ. ಒಂದು ದೇಶದ ಕಡಲನ್ನು ಹೇಗೆ ನೋಡಿಕೊಳ್ಳಬೇಕು ಎಂಬ ಮಾತು ದೂರದಲ್ಲಿ ಕೂತು ಸಾಲ ಕೊಟ್ಟವರ ಮೇಜಿನ ಮೇಲೆ ನಡೆಯುವುದು ನನಗೂ ಹಿಡಿಸುವುದಿಲ್ಲ. ಆದರೂ ಬಡ್ಡಿ ಕಟ್ಟಿಯೇ ಬರಿದಾಗುವ ಪುಟ್ಟ ದೇಶಗಳಿಗೆ ಇದರಿಂದ ಉಸಿರಾಡಲು ಜಾಗ ಸಿಕ್ಕಿದ್ದು ಸುಳ್ಳಲ್ಲ.

ಹವಳದ ದಿಬ್ಬಕ್ಕೂ ಇನ್ಶೂರೆನ್ಸ್ ಮಾಡಿಸ್ತಾರಾ?

ಮಾಡಿಸುತ್ತಾರೆ. ಮೆಕ್ಸಿಕೋದ ಕಿಂಟಾನಾ ರೋ ರಾಜ್ಯದಲ್ಲಿ, ಕ್ಯಾನ್‌ಕುನ್ ಪ್ರವಾಸಿ ತಾಣ ಇರುವ ಕಡೆ. 2018ರಲ್ಲಿ ಒಂದು ಟ್ರಸ್ಟ್ ಮಾಡಿದರು. ಮರುವರ್ಷ ಸುಮಾರು 160 ಕಿಲೋಮೀಟರ್ ಉದ್ದದ ಕರಾವಳಿಯ ಹವಳಕ್ಕೆ ಪಾಲಿಸಿ ಕೊಂಡರು.

ನಮ್ಮ ವಾಹನದ ವಿಮೆಯ ಹಾಗಲ್ಲ ಇದು. ನಷ್ಟ ಎಷ್ಟಾಗಿದೆ ಎಂದು ಅಳೆಯುತ್ತಾ ಕೂರುವುದಿಲ್ಲ. ಗೊತ್ತುಮಾಡಿದ ಜಾಗದಲ್ಲಿ ಗಾಳಿಯ ವೇಗ ಇಷ್ಟು ದಾಟಿತೋ, ಹಣ ಬರಲೇಬೇಕು. 2020ರ ಅಕ್ಟೋಬರ್‌ನಲ್ಲಿ ಡೆಲ್ಟಾ ಚಂಡಮಾರುತ ಬಂದಾಗ ಸುಮಾರು 8.5 ಲಕ್ಷ ಡಾಲರ್ ಸಿಕ್ಕಿತು.

ಅವಸರ ಏಕೆಂದರೆ, ಮುರಿದು ಬಿದ್ದ ಹವಳದ ತುಂಡು ಕೂಡಲೇ ಸಾಯುವುದಿಲ್ಲ. ಮರಳಿನ ಮೇಲೆ ಉರುಳಾಡುತ್ತಾ, ಉಜ್ಜಿಸಿಕೊಳ್ಳುತ್ತಾ ನಿಧಾನ ಸಾಯುತ್ತದೆ. ಅಷ್ಟರೊಳಗೆ ಯಾರಾದರೂ ಎತ್ತಿ ಬಂಡೆಗೆ ಅಂಟಿಸಿದರೆ ಮತ್ತೆ ಬೆಳೆಯುತ್ತದೆ. ಇದಕ್ಕೆಂದೇ ಅಲ್ಲಿನ ಮೀನುಗಾರರು, ಡೈವಿಂಗ್ ಕಲಿಸುವವರು ತರಬೇತಿ ಪಡೆದು ತಂಡ ಕಟ್ಟಿಕೊಂಡಿದ್ದಾರೆ. ಗಾಳಿ ನಿಂತ ಮೇಲೆ ನೀರಿಗೆ ಇಳಿಯುತ್ತಾರೆ. ಕಸ, ಮರದ ದಿಮ್ಮಿ ಸರಿಸುತ್ತಾರೆ. ತುಂಡುಗಳನ್ನು ಬುಟ್ಟಿಯಲ್ಲಿ ಆರಿಸಿಕೊಂಡು, ನೀರೊಳಗೇ ಗಟ್ಟಿಯಾಗುವ ಸಿಮೆಂಟ್ ಹಚ್ಚಿ, ಅಲುಗಾಡದಂತೆ ಒಂದೊಂದನ್ನೇ ಕೂರಿಸುತ್ತಾರೆ. ಡೆಲ್ಟಾದ ನಂತರ ಹೀಗೆ ಸಾವಿರಾರು ತುಂಡುಗಳನ್ನು ಉಳಿಸಿಕೊಂಡರು. ದುಡ್ಡು ಆರು ತಿಂಗಳ ನಂತರ ಬಂದಿದ್ದರೆ ಅಂಟಿಸಲು ಜೀವಂತ ತುಂಡೇ ಇರುತ್ತಿರಲಿಲ್ಲ.

ಪ್ರವಾಸಿಗರ ಹತ್ರಾನೇ ದುಡ್ಡು ತಗೊಂಡ್ರೆ ಆಗಲ್ವಾ?

ಆಗುತ್ತದೆ, ಆಗಿದೆ ಕೂಡ. ಕೆರಿಬಿಯನ್ನಿನ ಬೊನೈರ್ ದ್ವೀಪ 1992ರಿಂದ ಡೈವಿಂಗ್ ಮಾಡುವವರಿಂದ ಶುಲ್ಕ ತೆಗೆದುಕೊಂಡು ತನ್ನ ಕಡಲ ಉದ್ಯಾನ ನಡೆಸುತ್ತಿದೆ. ಪೆಸಿಫಿಕ್ ಸಾಗರದ ದ್ವೀಪ ದೇಶ ಪಲಾವ್ 2018ರಿಂದ ದೇಶಕ್ಕೆ ಬರುವ ಪ್ರತಿ ಪ್ರವಾಸಿಯ ಟಿಕೆಟ್ಟಿನಲ್ಲೇ 100 ಡಾಲರ್ ಸೇರಿಸಿದೆ. ನಮ್ಮಲ್ಲೂ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಮಾಡಲು ಜನ ಹೋಗುತ್ತಾರೆ. ಅಲ್ಲಿ ಕಟ್ಟಿದ ದುಡ್ಡಿನ ಒಂದು ಪಾಲು ಅದೇ ದ್ವೀಪದ ಹವಳಕ್ಕೆ ಖರ್ಚಾಗಿ, ಅದರ ಲೆಕ್ಕ ದೋಣಿ ಹತ್ತುವ ಜಾಗದಲ್ಲೇ ಬೋರ್ಡಿನ ಮೇಲೆ ಇದ್ದರೆ, ಕೊಡುವವರು ಸಂತೋಷದಿಂದಲೇ ಕೊಡುತ್ತಾರೆ. ಇದಕ್ಕಿರುವ ದೊಡ್ಡ ದೋಷವನ್ನು ಕೊರೊನಾ ತೋರಿಸಿತು. ಪ್ರವಾಸಿ ನಿಂತರೆ ಹಣವೂ ನಿಲ್ಲುತ್ತದೆ. ಇದೊಂದನ್ನೇ ನಂಬಿ ಕೂರಬಾರದು.

## ಕಷ್ಟದ ಪ್ರಶ್ನೆಗಳು

ಕಾಂಡ್ಲಾ ಕಾಡಿನ ಕಾರ್ಬನ್ ಮಾರಿ ಊರು ಉದ್ಧಾರ ಮಾಡಬಹುದಂತೆ. ನಂಬಬಹುದಾ?

ಸಣ್ಣ ಮಟ್ಟದಲ್ಲಿ, ಊರವರ ಕೈಯಲ್ಲಿದ್ದರೆ ನಂಬಬಹುದು. ಕೀನ್ಯಾದ ಗಾಜಿ ಕೊಲ್ಲಿಯಲ್ಲಿ 'ಮಿಕೋಕೋ ಪಮೋಜಾ' ಎಂಬ ಯೋಜನೆ 2013ರಿಂದ ನಡೆಯುತ್ತಿದೆ. ಸ್ವಾಹಿಲಿಯಲ್ಲಿ 'ಕಾಂಡ್ಲಾ, ಒಟ್ಟಾಗಿ' ಎಂದರ್ಥ. ಕಾಡು 117 ಹೆಕ್ಟೇರ್. ವರ್ಷಕ್ಕೆ ಸುಮಾರು 3,000 ಟನ್ ಇಂಗಾಲದ ಡೈಆಕ್ಸೈಡ್ ಲೆಕ್ಕದ ಕ್ರೆಡಿಟ್ ಮಾರುತ್ತಾರೆ. ಬರುವ ಹಣ ಸಾವಿರಗಳ ಡಾಲರ್ ಲೆಕ್ಕದ್ದು, ಕೋಟಿಗಳದ್ದಲ್ಲ. ಅದನ್ನು ಏನು ಮಾಡಬೇಕೆಂದು ಊರವರೇ ಸಭೆ ಸೇರಿ ನಿರ್ಧರಿಸುತ್ತಾರೆ. ಕುಡಿಯುವ ನೀರಿನ ವ್ಯವಸ್ಥೆ ಬಂತು, ಶಾಲೆಗೆ ಪುಸ್ತಕ ಬಂತು.

ಹೆದರಬೇಕಾದದ್ದು ದೊಡ್ಡ ಕಾಡನ್ನು ಮೂವತ್ತು ನಲವತ್ತು ವರ್ಷಕ್ಕೆ ಬರೆಸಿಕೊಳ್ಳಲು ಬರುವವರಿಗೆ. ಸಹಿ ಹಾಕಿದ ಮೇಲೆ ಸೌದೆಗೆ, ಏಡಿಗೆ, ಜೇನಿಗೆ ಕಾಡಿಗೆ ಹೋಗಬಹುದೇ ಎಂದು ಕೇಳಿ. ಉತ್ತರ ತಡವರಿಸಿದರೆ ಸಹಿ ಬೇಡ.

ದುಡ್ಡು ಕಟ್ಟಿದ್ರೆ ಹಾಳು ಮಾಡೋಕೆ ಲೈಸೆನ್ಸ್ ಸಿಕ್ಕ ಹಾಗಲ್ವಾ?

ನನ್ನನ್ನು ಅತಿ ಹೆಚ್ಚು ಕಾಡಿದ ಪ್ರಶ್ನೆ ಇದು. ಕ್ರಮ ತಪ್ಪಿದರೆ ನೀವು ಹೇಳಿದ ಹಾಗೇ ಆಗುತ್ತದೆ. ಸರಿಯಾದ ಕ್ರಮ ಏನೆಂದರೆ, ಮೊದಲು ಹಾನಿಯೇ ಆಗದಂತೆ ಜಾಗ ಬದಲಿಸಲು ನೋಡಬೇಕು. ಆಗದಿದ್ದರೆ ಹಾನಿ ಕಡಿಮೆ ಮಾಡಬೇಕು. ಆದ ಹಾನಿಯನ್ನು ಅಲ್ಲೇ ಸರಿಪಡಿಸಬೇಕು. ಇಷ್ಟೆಲ್ಲ ಆಗಿಯೂ ಉಳಿದದ್ದಕ್ಕೆ ಮಾತ್ರ ಪರಿಹಾರ. ನಮ್ಮಲ್ಲಿ ಎಷ್ಟೋ ಸಲ ಮಾತು ಕೊನೆಯ ಮೆಟ್ಟಿಲಿನಿಂದಲೇ ಶುರುವಾಗುತ್ತದೆ: ಎಷ್ಟು ಕಟ್ಟಬೇಕು ಹೇಳಿ, ಕಟ್ಟುತ್ತೇವೆ.

ಕೆಲವು ಜಾಗಗಳಿಗೆ ಬೆಲೆ ಹೇಳಲೇಬಾರದು. ಅಘನಾಶಿನಿಯ ಬಾಯಲ್ಲಿರುವ ತದಡಿಯಲ್ಲಿ ದೊಡ್ಡ ಉಷ್ಣ ವಿದ್ಯುತ್ ಸ್ಥಾವರ ಬರುವುದಿತ್ತು. ಅಳಿವೆ ನಂಬಿದ ಜನ ವಿರೋಧಿಸಿದರು. ಅಳಿವೆ ಏನೇನು ಕೊಡುತ್ತಿದೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. ಯೋಜನೆ ನಿಂತಿತು. ಆಗ ಪರಿಹಾರ ತೆಗೆದುಕೊಂಡು ಒಪ್ಪಿದ್ದರೆ ಬಳಚೂ ಇರುತ್ತಿರಲಿಲ್ಲ, ಉಪ್ಪುನೀರು ಹಾಯುವ ಗಜನಿ ಗದ್ದೆಯ ಕಗ್ಗ ಭತ್ತವೂ ಇರುತ್ತಿರಲಿಲ್ಲ. ಆ ಅಳಿವೆ ಈಗ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಯಲ್ಲಿದೆ.

ನಮ್ಮೂರಿಗೆ ಇಂಥ ಯೋಜನೆಯೋ ಪರಿಹಾರವೋ ಬಂದ್ರೆ ನಾವು ಏನು ಸಿದ್ಧ ಮಾಡ್ಕೋಬೇಕು?

ದಾಖಲೆ. ಎಣ್ಣೆ ಸೋರಿದ ಮೇಲೆ, ಹೂಳೆತ್ತಿದ ಮೇಲೆ, ಮೊದಲು ಇಲ್ಲಿ ಎಷ್ಟು ಮೀನಿತ್ತು ಎಂದು ಕೇಳುತ್ತಾರೆ. ಬಾಯಿಮಾತಿನ ಉತ್ತರ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ನಾಡದೋಣಿಯವರು, ಬಳಚು ಹೆಕ್ಕುವ ಹೆಂಗಸರು, ಮೀನು ಒಣಗಿಸುವವರು ಪರಿಹಾರದ ಪಟ್ಟಿಯಿಂದ ಬಿಟ್ಟುಹೋಗುವುದು ಇದೇ ಕಾರಣಕ್ಕೆ. ಅವರ ದುಡಿಮೆಗೆ ಬಿಲ್ಲು, ರಸೀದಿ ಇರುವುದಿಲ್ಲ.

ಹಾಗಾಗಿ ಇವತ್ತಿನಿಂದಲೇ ಒಂದು ನೋಟ್‌ಬುಕ್ ಇಡಿ. ದಿನಾಂಕ, ಯಾವ ಜಾಗ, ಯಾವ ಮೀನು, ಎಷ್ಟು ಬುಟ್ಟಿ, ಎಷ್ಟಕ್ಕೆ ಹೋಯಿತು. ಹರಾಜಿನ ಚೀಟಿ ಸಿಕ್ಕರೆ ಬಿಸಾಡಬೇಡಿ, ಅದೇ ಪುಟಕ್ಕೆ ಅಂಟಿಸಿ. ತಿಂಗಳಿಗೊಮ್ಮೆ ಒಂದೇ ಜಾಗದಲ್ಲಿ ನಿಂತು ದಡದ ಫೋಟೋ ತೆಗೆಯಿರಿ, ಕಡಲ್ಕೊರೆತ ಎಷ್ಟು ಮುಂದೆ ಬಂತು ಎಂಬುದಕ್ಕೆ ಅದೇ ಸಾಕ್ಷಿ. ಸಾರ್ವಜನಿಕ ಅಹವಾಲು ಸಭೆ ಕರೆದರೆ ಮಾತಾಡುವುದರ ಜೊತೆಗೆ ಬರೆದೂ ಕೊಡಿ. ಕೊಟ್ಟಿದ್ದಕ್ಕೆ ಸೀಲು ಹಾಕಿಸಿಕೊಂಡು ಒಂದು ಪ್ರತಿ ಮನೆಯಲ್ಲಿ ಇಟ್ಟುಕೊಳ್ಳಿ. ಬಳಚು ಹೆಕ್ಕುವವರು ಓದು ಬರಹ ಬಾರದವರಾದರೆ, ಶಾಲೆಗೆ ಹೋಗುವ ಮಕ್ಕಳ ಕೈಯಲ್ಲಿ ಸಂಜೆ ಎರಡು ಸಾಲು ಬರೆಸಿದರೂ ಆಯಿತು.